ಭೋಗ್ಯಕ್ಕೆ ಹೋದ ಮನೆಯ ಕಂತು

ಬಂಗಾರಪೇಟೆಯ ಪಾನಿಪೂರಿ ತಿನ್ನಲು ಕಾರು ಮಾಡಿಕೊಂಡು ಬರುವವರಿದ್ದಾರೆ. ಬಾವಿ ನೀರಿನ ಹಾಗೆ ತಿಳಿಯಾಗಿರುವ ಆ ಪಾನಿಯನ್ನು ಹೊಗಳುತ್ತಾರೆ, ಅದರ ಖಾರಕ್ಕೆ ಕಣ್ಣೊರೆಸಿಕೊಳ್ಳುತ್ತಾರೆ, ಮೊಬೈಲಿನಲ್ಲಿ ಫೋಟೊ ಹಿಡಿಯುತ್ತಾರೆ. ಪೂರಿಯ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಅದು ಗಾಡಿಯಲ್ಲೇ ಬೆಳೆಯುತ್ತದೆ ಎಂದುಕೊಂಡಿರಬೇಕು. ಹಾಗಲ್ಲ ಸ್ವಾಮಿ. ಅದು ಯಾರದೋ ಮನೆಯ ಹಿತ್ತಿಲಲ್ಲಿ, ಯಾರದೋ ಮುಖಕ್ಕೆ ಎಣ್ಣೆಯ ಹೊಗೆ ಬಡಿದು ಬಡಿದು ಉಬ್ಬುತ್ತದೆ.

ಅಂಥ ಮುಖಗಳಲ್ಲಿ ಒಂದು ಕಲಾಳದು. ಹುಟ್ಟಿದ್ದು ಉರಿಗಾಂನ ಲೈನ್ ಮನೆಯಲ್ಲಿ. ಅಪ್ಪ ಚಿನ್ನದ ಗಣಿಯಲ್ಲಿ ದುಡಿದವರು. ಗಣಿ ಮುಚ್ಚಿದ ವರ್ಷವೇ ಅವಳನ್ನು ಬೂದಿಕೋಟೆ ಕಡೆಯ ಚಲಪತಿಗೆ ಕೊಟ್ಟು ಮದುವೆ ಮಾಡಿದರು. ಅವಳ ಮನೆಮಾತು ತಮಿಳು, ಅವನದು ತೆಲುಗು. ಜಗಳ ಮಾತ್ರ ಇಬ್ಬರೂ ಕನ್ನಡದಲ್ಲೇ ಆಡುತ್ತಾರೆ. ಲೈನ್ ಮನೆಯೆಂದರೆ ಒಂದು ಗೋಡೆಗೆ ಎರಡು ಸಂಸಾರ. ಈ ಕಡೆ ಸೀನಿದರೆ ಆ ಕಡೆಯಿಂದ ‘ನೂರು ವರ್ಷ’ ಎಂದು ಹರಸುವಷ್ಟು ಹತ್ತಿರ. ಅಲ್ಲಿ ಬೆಳೆದ ಹುಡುಗಿಗೆ ಇದ್ದ ಆಸೆ ಒಂದೇ: ನಾಲ್ಕು ಗೋಡೆಯೂ ತನ್ನವೇ ಆಗಿರುವ ಮನೆ. ಇವತ್ತು ಆ ಮನೆ ಇದೆ. ಅದರಲ್ಲಿ ಅವಳು ಇರಬಲ್ಲಳೇ ಎಂಬುದಷ್ಟೇ ಪ್ರಶ್ನೆ.

ಚಲಪತಿ ಮೊದಲು ತಾನೇ ಗಾಡಿ ಇಟ್ಟಿದ್ದ. ಆಮೇಲೆ ಗಂಡ ಹೆಂಡತಿ ಲೆಕ್ಕ ಹಾಕಿ ಗಾಡಿ ಮಾರಿ, ಬೇರೆ ಗಾಡಿಗಳಿಗೆ ಪೂರಿ ಮಾಡಿಕೊಡುವ ಕೆಲಸ ಹಿಡಿದರು. ಚಿರೋಟಿ ರವೆ ಕಲಸುವುದು, ಲಟ್ಟಿಸುವುದು, ಬಟ್ಟಲು ಒತ್ತಿ ಕತ್ತರಿಸುವುದು, ಒದ್ದೆ ಬಟ್ಟೆಯ ಕೆಳಗೆ ಹಾಕಿ ಆರದಂತೆ ಕಾಯುವುದು, ಕರಿಯುವುದು: ಇದೆಲ್ಲ ಕಲಾಳ ಪಾಲು. ಕವರಿಗೆ ತುಂಬಿ ಟಿವಿಎಸ್ ಮೇಲೆ ಗಾಡಿಗಾಡಿಗೆ ಹಂಚುವುದು ಚಲಪತಿಯ ಪಾಲು. ಉಬ್ಬದೆ ಚಪ್ಪಟೆಯಾಗಿ ಉಳಿದದ್ದು ಮಸಾಲೆಪೂರಿಗೆ ಪುಡಿಯಾಗಿ ಹೋಗುತ್ತದೆ. ಏನೂ ದಂಡವಾಗದ ಕೆಲಸ, ಆಳನ್ನು ಬಿಟ್ಟರೆ.

ಬೂದಿಕೋಟೆಯ ಆಸ್ತಿಯಲ್ಲಿ ಚಲಪತಿಯ ಭಾಗಕ್ಕೆ ಬಂದ ದುಡ್ಡಿಗೆ ರೈಲ್ವೆ ಗೇಟಿನಾಚೆ ಒಂದು ಸಣ್ಣ ಸೈಟು ಬಂತು. ಕಟ್ಟಲು ಸಾಲ ಬೇಕು. ಪೂರಿ ಕರಿಯುವವರಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ಬ್ಯಾಂಕಿನವರು ಆಗುವುದಿಲ್ಲವೆಂದು ಕೈ ಆಡಿಸಿದರು. ಮನೆಸಾಲ ಕೊಡುವ ಖಾಸಗಿ ಕಂಪನಿಯೊಂದರವರು ತಾವೇ ಮನೆ ಹುಡುಕಿಕೊಂಡು ಬಂದರು. ಒಲೆಯ ಫೋಟೊ, ಬಾಣಲೆಯ ಫೋಟೊ, ಕಲಾಳ ಫೋಟೊ ಹಿಡಿದರು. “ನಿಮ್ಮ ಒಲೇನೇ ನಮಗೆ ಗ್ಯಾರಂಟಿ ಅಕ್ಕ” ಅಂದರು. ಬಡ್ಡಿ ಬ್ಯಾಂಕಿಗಿಂತ ಎಷ್ಟೋ ಹೆಚ್ಚು. ಇಲ್ಲದವನಿಂದ ಹೆಚ್ಚು ಕೀಳುವುದು ಈ ದೇಶದಲ್ಲಿ ತಪ್ಪಲ್ಲ, ಅದನ್ನು ‘ರಿಸ್ಕ್’ ಎನ್ನುತ್ತಾರೆ. ಹನ್ನೆರಡು ಲಕ್ಷ ಸಾಲ, ತಿಂಗಳಿಗೆ ಹದಿನಾರು ಸಾವಿರ ಕಂತು, ಹದಿನೈದು ವರ್ಷ. ಕಂತು ಕಟ್ಟುತ್ತಲೇ ಎರಡು ವರ್ಷಕ್ಕೆ ಮನೆ ಎದ್ದಿತು. ಕೆಳಗೆ ಇವರು, ಮೇಲೆ ಇನ್ನೊಂದು ಪುಟ್ಟ ಮನೆ.

ಮೇಲಿನದನ್ನು ಬಾಡಿಗೆಗೆ ಕೊಡಬಹುದಿತ್ತು. ಆದರೆ ಕಲಾ ಭೋಗ್ಯಕ್ಕೆ ಕೊಟ್ಟಳು. ನಮ್ಮ ಕಡೆಯ ರೂಢಿ ಅದು: ದೊಡ್ಡ ಮೊತ್ತವೊಂದನ್ನು ಒಟ್ಟಿಗೇ ಕೊಟ್ಟು, ಬಾಡಿಗೆ ಇಲ್ಲದೆ ಮೂರು ವರ್ಷ ಇದ್ದು, ಬಿಡುವಾಗ ಅಷ್ಟೂ ದುಡ್ಡನ್ನು ವಾಪಸು ತೆಗೆದುಕೊಂಡು ಹೋಗುವುದು. ಹಳಬರನ್ನು ಹೊಸಬರ ದುಡ್ಡಿನಲ್ಲಿ ಕಳಿಸುತ್ತಾರೆ, ಹೊಸಬರನ್ನು ಇನ್ನೂ ಹೊಸಬರ ದುಡ್ಡಿನಲ್ಲಿ. ಊರಿಗೆ ಊರೇ ಹೀಗೆ ನಡೆಯುತ್ತದೆ. ಕಲಾಳ ಲೆಕ್ಕ ಸರಳವಾಗಿತ್ತು. ಭೋಗ್ಯದ ನಾಲ್ಕು ಲಕ್ಷವನ್ನು ಹಾಗೇ ಸಾಲಕ್ಕೆ ಕಟ್ಟಿಬಿಟ್ಟರೆ ಸಾಲದ ಮೂರರಲ್ಲಿ ಒಂದು ಪಾಲು ಕರಗುತ್ತದೆ. ಕಂತಿನಲ್ಲೂ ಮೂರರಲ್ಲಿ ಒಂದು ಪಾಲು ಇಳಿಯುತ್ತದೆ. ಇಳಿದದ್ದನ್ನು ತಿಂಗಳು ತಿಂಗಳು ಚೀಟಿಗೆ ಹಾಕಿದರೆ ಮೂರು ವರ್ಷಕ್ಕೆ ಅರ್ಧವಾದರೂ ಕೈಗೆ ಬರುತ್ತದೆ. ಮಿಕ್ಕಿದ್ದಕ್ಕೆ ಹೊಸ ಭೋಗ್ಯದವರಿದ್ದಾರೆ. ಈ ಲೆಕ್ಕದಲ್ಲಿ ಎಲ್ಲಿ ತಪ್ಪಿದೆ, ಓದಿದವರು ಹೇಳಲಿ ನೋಡೋಣ.

ನಾಲ್ಕು ಲಕ್ಷ ಕಟ್ಟಿದ ಮುಂದಿನ ತಿಂಗಳು ಅವಳ ಖಾತೆ ಇರುವ ಬ್ಯಾಂಕಿನಿಂದ ಮೆಸೇಜು ಬಂತು. ಕಂತು ಹದಿನಾರು ಸಾವಿರವೇ ಕಡಿತವಾಗಿತ್ತು. ಕಲಾ ಕಂಪನಿಯ ಆಫೀಸಿಗೆ ಹೋದಳು. ಮೇಜಿನ ಹಿಂದೆ ಇದ್ದವನು ಅವಳ ತಮ್ಮನ ವಯಸ್ಸಿನವನು.

“ಕಂತು ಅಷ್ಟೇ ಇದೆಯಲ್ಲ ತಮ್ಮ?”

“ಅಷ್ಟೇ ಇರತ್ತೆ ಮೇಡಂ. ವರ್ಷ ಕಮ್ಮಿ ಆಗಿದೆ. ಹದಿಮೂರು ಬಾಕಿ ಇತ್ತಲ್ಲ, ಈಗ ಆರರ ಹತ್ರ ಬಂದಿದೆ. ಲಾಭ ನಿಮಗೇನೇ.”

“ಲಾಭ ಆಮೇಲೆ ನೋಡ್ಕೋತೀನಿ. ನಂಗೆ ಈಗ ಕಂತು ಕಮ್ಮಿ ಆಗ್ಬೇಕು.”

“ಆವತ್ತೇ ಹೇಳ್ಬೇಕಿತ್ತು ಮೇಡಂ, ಕಂತು ಇಳಿಸಿ ಅಂತ. ಈಗ ಸಿಸ್ಟಮ್‌ನಲ್ಲಿ ಆಗೋಗಿದೆ.”

“ಆವತ್ತು ನೀವು ಕೇಳ್ಲೇ ಇಲ್ವಲ್ಲ?”

“ನೀವು ಕೇಳ್ಬೇಕು ಮೇಡಂ.”

ಇಷ್ಟೇ. ನಾಲ್ಕು ಲಕ್ಷ ಎಣಿಸಿಕೊಳ್ಳಲು ಅವನಿಗೆ ಪುರಸೊತ್ತಿತ್ತು, ಕಾಫಿ ತರಿಸಲು ಪುರಸೊತ್ತಿತ್ತು. ‘ಅಕ್ಕ, ಕಂತು ಇಳಿಸಲೋ ವರ್ಷ ಇಳಿಸಲೋ’ ಎಂಬ ಒಂದು ಮಾತಿಗೆ ಇರಲಿಲ್ಲ. ಕೇಳುವುದು ಅವಳ ಕೆಲಸವಂತೆ. ಇಂಥದ್ದೊಂದು ಪ್ರಶ್ನೆ ಇದೆ ಎಂದೇ ಗೊತ್ತಿಲ್ಲದವಳು ಅದನ್ನು ಹೇಗೆ ಕೇಳಬೇಕು? ಆರು ವರ್ಷದ ಮೇಲೆ ಸಿಗುವ ಲಾಭ ನಿಜವಾದದ್ದೇ ಇರಬಹುದು. ಎಣ್ಣೆ ಅಂಗಡಿಯವನು ನಾಳೆ ಬೆಳಿಗ್ಗೆ ಬರುತ್ತಾನೆ.

ಹೀಗೆ ಕಲಾಳ ತಲೆಯ ಮೇಲೆ ಎರಡು ಭಾರ ಕೂತವು. ಕಂಪನಿಗೆ ಕಂತು, ಮೂರು ವರ್ಷಕ್ಕೆ ಮೇಲಿನ ಮನೆಯವರಿಗೆ ನಾಲ್ಕು ಲಕ್ಷ. ಚೀಟಿಗೆ ಹಾಕಲು ಏನೂ ಉಳಿಯಲಿಲ್ಲ.

ಮೇಲಿನ ಮನೆಯವರು ಕೋದಂಡಪ್ಪ ಮತ್ತು ಅವರ ಹೆಂಡತಿ ಸರಸ್ವತಮ್ಮ, ಕ್ಯಾಸಂಬಳ್ಳಿ ಕಡೆಯವರು. ಅಣ್ಣತಮ್ಮಂದಿರು ಭಾಗವಾದಾಗ ಬಂದದ್ದು, ಹಸು ಮಾರಿದ್ದು ಎಲ್ಲ ಸೇರಿಸಿ ಆ ನಾಲ್ಕು ಲಕ್ಷ ತಂದಿದ್ದರು. ಬೇರೆ ದುಡ್ಡು ಅವರ ಬಳಿ ಇಲ್ಲ. ಸರಸ್ವತಮ್ಮನಿಗೆ ಹಳೆಯ ಉಬ್ಬಸ. ಆಸ್ಪತ್ರೆಗೆ ಹತ್ತಿರವಾಗಲಿ ಎಂದೇ ಬಂಗಾರಪೇಟೆಗೆ ಬಂದವರು. ಮೊದಲ ತಿಂಗಳುಗಳಲ್ಲಿ ಆಯಮ್ಮ ಸಂಜೆ ಮೆಟ್ಟಿಲ ಮೇಲೆ ಕೂತು ಕಲಾಳ ಜೊತೆ ಕವರಿಗೆ ಪೂರಿ ಎಣಿಸಿ ಹಾಕುತ್ತಿದ್ದರು. ನೂರು ಮುಗಿಯುವಷ್ಟರಲ್ಲಿ ಎರಡು ಊರಿನ ಸುದ್ದಿ ಮುಗಿಯುತ್ತಿತ್ತು. ಎಣಿಕೆ ತಪ್ಪುತ್ತಿತ್ತು, ಗಾಡಿಯವರು ಬೈಯುತ್ತಿದ್ದರು, ಇವರಿಬ್ಬರೂ ನಗುತ್ತಿದ್ದರು.

ಚಳಿಗಾಲ ಬಂತು. ಹೊಗೆ ಮೇಲೇಳದೆ ಮಹಡಿಯ ಕಿಟಕಿಯ ಮಟ್ಟಕ್ಕೇ ನಿಲ್ಲತೊಡಗಿತು. ಒಂದು ದಿನ ಕೋದಂಡಪ್ಪ ಕೆಳಗಿಳಿದು ಬಂದರು.

“ಕಲಮ್ಮ, ಒಲೆ ವಸಿ ಆ ಕಡೀಕೆ ಇಕ್ಕಬಾರ್ದಾ? ಇವ್ಳಿಗೆ ಉಸ್ರು ಕಟ್ತದೆ.”

“ಯಾವ ಕಡೆಗೆ ಅಣ್ಣ? ಆ ಕಡೆ ಗೋಡೆ, ಈ ಕಡೆ ಮೋರಿ. ಇರೋದೇ ಇಷ್ಟಗಲ.”

“ಬರೋಕ್ ಮುಂಚೆ ಏಳ್ಬೇಕಿತ್ತಮ್ಮ, ಇಷ್ಟೊಂದು ಒಗೆ ಐತೆ ಅಂತ.”

“ನೀವು ಮನೆ ನೋಡೋಕೆ ಬಂದಾಗ ಬಾಂಡ್ಲಿ ಕಾಯ್ತಾನೇ ಇತ್ತಲ್ಲಣ್ಣ! ನಾಲ್ಕು ಪೂರಿ ತಿಂದು ‘ಗರಿಗರಿ ಅವೆ’ ಅಂದ್ರಿ.”

“ತಿನ್ನೋದು ಬೇರೆ, ಕುಡಿಯೋದು ಬೇರೆ ಕಣಮ್ಮ. ಇವ್ಳು ದಿನಾ ಎಣ್ಣೆ ಕುಡೀತಾ ಅವ್ಳೆ.”

ಎದುರುಮನೆಯ ಮುನಿನಾರಾಯಣಮ್ಮನಿಗೆ ಇಷ್ಟು ಸಾಕಾಯಿತು. ಬೀದಿಯ ಯಾವ ಮಾತೂ ಆಕೆಯನ್ನು ದಾಟಿ ಹೋಗುವುದಿಲ್ಲ. “ನಮ್ಮನೆ ಬಟ್ಟೆ ಉಟ್ಕಂಡು ಮದ್ವೆಗೆ ಓದ್ರೆ ಜನ ಕೇಳ್ತಾರೆ ಕಣಮ್ಮಿ, ನೀವೆಲ್ಲಿ ಗಾಡಿ ಇಟ್ಟಿದೀರಾ ಅಂತ!”

“ಒಂದು ಇಟ್ಕೋ ಅಕ್ಕ. ಪೂರಿ ಸಾಲಕ್ಕೆ ಕೊಡ್ತೀನಿ.”

“ಸಾಲದ ಮಾತು ನೀನೇ ಆಡ್ಬೇಕು ಬುಡು.”

ನಗುವ ಹಾಗೆ ಶುರುವಾದದ್ದು ನಗುವ ಹಾಗೆ ಉಳಿಯಲಿಲ್ಲ. ಚಲಪತಿ ತಗಡಿನ ಕೊಳವೆ ತಂದು ಮಹಡಿಗಿಂತ ಎತ್ತರಕ್ಕೆ ನಿಲ್ಲಿಸಿದ. ಆಗ ಹೊಗೆ ಹಿಂದಿನ ಬೀದಿಗೆ ಇಳಿಯಿತು, ಹಿಂದಿನ ಬೀದಿಯವರು ಬಂದರು. ಕೊಳವೆ ತಿರುಗಿಸಿದ. ಮತ್ತೆ ಮುನಿನಾರಾಯಣಮ್ಮ. ಕಲಾ ಬೆಲೆ ಜಾಸ್ತಿಯ ಎಣ್ಣೆ ತರಿಸಿದಳು. ಹೊಗೆ ಸ್ವಲ್ಪ ಇಳಿಯಿತು, ಅದಕ್ಕಿಂತ ಮುಂಚೆ ಲಾಭ ಇಳಿಯಿತು. ಇಲ್ಲಿ ತಪ್ಪು ಯಾರದು? ಉಬ್ಬಸವಿರುವ ಹೆಂಗಸಿನದೇ? ಮನೆಯಲ್ಲೇ ದುಡಿಯದೆ ಬೇರೆ ದಾರಿ ಇಲ್ಲದವಳದೇ? ಚಾಟ್ಸ್‌ಗೆ ಹೆಸರಾದ ಊರು ಎಂದು ಎದೆ ತಟ್ಟಿಕೊಳ್ಳುವ ನಾವು, ಆ ಹೆಸರನ್ನು ಕರಿಯುವವರಿಗೆ ಒಂದು ಸೂರು, ನಾಲ್ಕು ಒಲೆಕಟ್ಟೆ, ಒಂದು ಎತ್ತರದ ಚಿಮಣಿ ಕೊಡಬೇಕು ಎಂದು ಒಂದು ದಿನವಾದರೂ ಯೋಚಿಸಿದ್ದೇವೆಯೇ? ಮನೆಯ ಬಾಗಿಲು ಹಾಕಿಕೊಂಡು, ಪಕ್ಕದವರು ಕೆಮ್ಮಲಿ ಇವರು ಜಗಳವಾಡಲಿ ಎಂದು ಬಿಟ್ಟಿದ್ದೇವೆ.

ಆ ಬೇಸಗೆ ಸ್ಟೇಷನ್ ರಸ್ತೆಯಲ್ಲಿ ಚರಂಡಿ ಅಗೆದರು. ಗಾಡಿಗಳೆಲ್ಲ ಒಂದೂವರೆ ತಿಂಗಳು ಎತ್ತಂಗಡಿ. ಗಾಡಿ ಇಲ್ಲದಿದ್ದರೆ ಪೂರಿ ಇಲ್ಲ, ಪೂರಿ ಇಲ್ಲದಿದ್ದರೆ ಕಂತು ಇಲ್ಲ. ಒಂದು ಕಂತು ತಪ್ಪಿತು, ಅದರ ಮೇಲೆ ದಂಡ ಬಿತ್ತು. ಇನ್ನೊಂದೂ ತಪ್ಪಿತು. ಹೆಲ್ಮೆಟ್ ತೆಗೆಯದೆಯೇ ಗೇಟಿಗೆ ಬಂದು ನಿಂತ ಕಂಪನಿಯ ಹುಡುಗ, ಇಡೀ ಬೀದಿಗೆ ಕೇಳುವಂತೆ, ಮೇಲಿನ ಮಹಡಿಯಲ್ಲಿ ನಿಂತಿದ್ದ ಕೋದಂಡಪ್ಪನವರನ್ನೇ ಕೇಳಿದ: “ಈ ಮನೆ ಓನರ್ ಎಲ್ರೀ? ಫೋನ್ ಎತ್ತಲ್ಲ. ಹಿಂಗೇ ಆದ್ರೆ ಹರಾಜಿಗೆ ಹೋಗತ್ತೆ ಅಂತ ಹೇಳಿ.”

ಹರಾಜು ಎಂಬ ಮಾತು ಕೇಳಿದ ಮೇಲೆ ಕೋದಂಡಪ್ಪ ಅವತ್ತು ಊಟ ಮಾಡಲಿಲ್ಲ. ಮಾರನೆಯ ದಿನ ಚಲಪತಿ ಟಿವಿಎಸ್ ನಿಲ್ಲಿಸುವುದನ್ನೇ ಕಾಯ್ದು ಹಿಡಿದರು.

“ಚಲಪತಿ, ನಮ್ಮ ದುಡ್ಡು ಕೊಟ್ಬುಡಪ್ಪ. ನಾವು ಓಗ್ತೀವಿ.”

“ದುಡ್ಡೆಲ್ಲೈತೆ ಅಣ್ಣ? ಬಂದ ದಿನಾನೇ ಸಾಲಕ್ಕೆ ಕಟ್ಟಿದ್ದು ನಿಂಗೂ ಗೊತ್ತು. ನಿಮ್ಮ ದುಡ್ಡು ಈ ಗೋಡೇಲೈತೆ.”

“ಗೋಡೆ ಕಿತ್ಕಂಡು ಓಗ್ಲಾ ನಾನು?”

“ಕಿತ್ಕೋ ಅಣ್ಣ, ಅದೂ ಕಂಪ್ನಿದೇ. ನಾನೇನ್ ಮಾಡ್ಲಿ, ನುವ್ವೇ ಚೆಪ್ಪು” ಎಂದ ಚಲಪತಿ. ಸಿಟ್ಟು ನೆತ್ತಿಗೇರಿದಾಗ ಅವನ ಬಾಯಲ್ಲಿ ತೆಲುಗು ಬರುತ್ತದೆ.

“ನಾನ್ ಏಳಕ್ಕೆ ಏನೈತಲಾ? ಸಾಯೋ ಕಾಲ್ದಲ್ಲಿ ಬೀದಿಗೆ ಬಿದ್ದೆ ಅಂತ ಏಳ್ಲಾ?”

ಹೊಸ ಭೋಗ್ಯದವರನ್ನು ಹುಡುಕಿದರು. ಬ್ರೋಕರ್ ಜನರನ್ನು ಕರೆದುಕೊಂಡು ಬರುತ್ತಿದ್ದ. ಬಂದವರು ಮೆಟ್ಟಿಲು ಹತ್ತುವ ಮೊದಲೇ ಮೂಗು ಮುಚ್ಚಿಕೊಳ್ಳುತ್ತಿದ್ದರು. ಮುಚ್ಚಿಕೊಳ್ಳದವರಿಗೆ ಎದುರುಮನೆಯಿಂದ ಸಲಹೆ ಸಿಗುತ್ತಿತ್ತು: “ಜನ ಬಾಳ ಒಳ್ಳೇರು. ಒಗೆ ಒಂದು ತಡ್ಕಳಂಗಿದ್ರೆ ಬನ್ನಿ.” ಮನೆ ಮಾರೋಣವೆಂದರೆ ಕಂಪನಿಯ ಬಾಕಿ, ಕೋದಂಡಪ್ಪನವರ ದುಡ್ಡು, ಕೈಸಾಲ ಕಳೆದು ಉಳಿಯುವುದು ಬೀದಿ ಮಾತ್ರ. ಒಲೆ ಹೂಡಿದರೆ ಮೇಲಿನವರು ಸಾಯುತ್ತಾರೆ, ಆರಿಸಿದರೆ ಮನೆ ಹೋಗುತ್ತದೆ. ಕಲಾ ದಿನಾ ಒಲೆ ಹೂಡಿದಳು. ಮೇಲಿಂದ ಕೆಮ್ಮು ಕೇಳಿದಾಗ ಉರಿ ತಗ್ಗಿಸಿದಳು. ಉರಿ ತಗ್ಗಿದರೆ ಪೂರಿ ಉಬ್ಬುವುದಿಲ್ಲ. ಮತ್ತೆ ಹೆಚ್ಚಿಸಿದಳು.

ಒಂದು ಮಧ್ಯಾಹ್ನ ಕೋದಂಡಪ್ಪ ಮಹಡಿಯಿಂದ ಕೂಗಿಕೊಂಡರು. ಚಲಪತಿ ಮನೆಯಲ್ಲಿರಲಿಲ್ಲ. ಕಲಾ ಬಾಣಲೆಯನ್ನು ಹಾಗೇ ಬಿಟ್ಟು, ಗ್ಯಾಸು ಆರಿಸಿ, ಓಡಿಹೋಗಿ ಸರಸ್ವತಮ್ಮನನ್ನು ಎತ್ತಿಕೊಂಡಂತೆಯೇ ಇಳಿಸಿದಳು. ಆಟೋದಲ್ಲಿ ಮೈಗೆ ಒರಗಿಸಿಕೊಂಡಳು. ಉಸಿರು ಎಳೆಯಲಾಗದ ಆ ಹೆಂಗಸು ಕಲಾಳ ಹೆಗಲಿಗೆ ತಲೆ ಇಡುತ್ತಿದ್ದಂತೆ ಕೆಮ್ಮು ಇನ್ನೂ ಹೆಚ್ಚಾಯಿತು. ಕೈಯಿಂದ ಕಲಾಳನ್ನು ದೂಡಿದರು. ಅವಳ ಸೀರೆಯೇ ಎಣ್ಣೆ ಕುಡಿದಿತ್ತು. ಕಲಾ ಅವರ ಕೈಯನ್ನಷ್ಟೇ ಹಿಡಿದುಕೊಂಡು, ಮೈಯನ್ನು ಆದಷ್ಟು ಆಟೋದ ಹೊರಕ್ಕೆ ಚಾಚಿ ಕೂತು ಆಸ್ಪತ್ರೆ ಮುಟ್ಟಿದಳು.

ಆಸ್ಪತ್ರೆಯಲ್ಲಿ ಮೂಗಿಗೆ ಮಾಸ್ಕ್ ಹಾಕಿ ಮಲಗಿಸಿದರು. ನರ್ಸಮ್ಮ “ನೀವು ಮಗಳಾ?” ಎಂದಳು. ಕಲಾ ಅಲ್ಲಿಂದ ಹೊರಗೆ ಬಂದು ಗಂಡನಿಗೆ ಫೋನು ಮಾಡಿ ಇಷ್ಟೇ ಹೇಳಿದಳು: “ಒಲೆ ಎತ್ತಿಬಿಡೋಣ. ನಾಳೆ ನನ್ನ ಕೈಯಿಂದ ಒಂದು ಜೀವ ಹೋದ್ರೆ ಆ ಮನೇಲಿ ನಾನು ಮಲಗಕ್ಕಾಗಲ್ಲ.”

ಯಾವ ಕಾನೂನೂ ಅವಳಿಂದ ಈ ಮಾತು ಆಡಿಸಲಿಲ್ಲ. ಕಂಪನಿಗೆ ಇರದ, ಊರಿಗೆ ಇರದ, ನಮಗ್ಯಾರಿಗೂ ಇರದ ಒಂದು ಮನಸ್ಸಾಕ್ಷಿ ಅವಳೊಬ್ಬಳಿಗೇ ಇರಬೇಕಿತ್ತೇ? ಅದರ ಖರ್ಚನ್ನೂ ಅವಳೊಬ್ಬಳೇ ಹೊರಬೇಕಿತ್ತೇ?

ಬಂಗಾರಪೇಟೆಯಲ್ಲಿ ಕರಿಯುವ ಕೆಲಸಕ್ಕೆ ಶೆಡ್ ಕೊಡುವವರು ಸಿಗಲಿಲ್ಲ. ಸಿಕ್ಕಿದ ಒಬ್ಬ ಕೇಳಿದ ಅಡ್ವಾನ್ಸು ಇವರ ಕೈಗೆ ಎಟುಕುವಂಥದ್ದಲ್ಲ. ಉರಿಗಾಂನಲ್ಲಿರುವ ಕಲಾಳ ತಮ್ಮ ಸೆಲ್ವರಾಜ್ ಹೇಳಿದ: “ಅಕ್ಕಾ, ನಮ್ಮ ಪಕ್ಕದ ಲೈನ್ ಮನೆ ಖಾಲಿ ಇದೆ. ಬಾಡಿಗೆ ಇಲ್ಲ ಅನ್ನೋ ಅಷ್ಟು ಕಮ್ಮಿ. ಹಿಂದೆ ಬಯಲು. ಬೆಳಿಗ್ಗೆ ಆದ್ರೆ ಅರ್ಧ ಲೈನು ಬೆಂಗಳೂರು ಟ್ರೇನು ಹತ್ತಿರುತ್ತೆ, ಹೊಗೆ ಕುಡಿಯೋಕೆ ಯಾರಿದ್ದಾರೆ? ವಾ, ಬಂದ್ಬಿಡು.”

ಕಲಾಳಿಗೆ ಇದ್ದ ಯೋಚನೆ, ಕರಿಯುವುದು ಮಾತ್ರ ಅಲ್ಲಿ, ಇರುವುದು ಇಲ್ಲೇ ಎಂದು. ಆದರೆ ಬೆಳಕು ಹರಿಯುವ ಮುಂಚೆ ಶುರುವಾಗುವ ಕೆಲಸ ಅದು. ಮೇಲಾಗಿ ತಪ್ಪಿದ ಕಂತುಗಳನ್ನು ಕಟ್ಟಲು ದುಡ್ಡು ಬೇಕು. ದುಡ್ಡು ಹುಟ್ಟಿಸಬಲ್ಲದ್ದು ಇನ್ನು ಒಂದೇ ಉಳಿದಿತ್ತು, ತಾವು ಇದ್ದ ಕೆಳಗಿನ ಮನೆ. ಹೊಗೆ ಇಲ್ಲದ ಮನೆಗೆ ಭೋಗ್ಯದವರು ಬಂದೇ ಬರುತ್ತಾರೆ. ಬಂದರು. ದೂರದಿಂದಲ್ಲ, ಮಹಡಿಯಿಂದಲೇ ಇಳಿದು ಬಂದರು.

ಕೋದಂಡಪ್ಪ ಜಗಲಿಯ ಮೇಲೆ ಕೂತು, ನೆಲ ನೋಡುತ್ತಾ ಕೇಳಿದರು: “ಎಂಗೂ ನೀವು ಓಗ್ತೀರ. ಕೆಳಗಡೀದು ನಮ್ಮ ಮಗ ಶಿವಕುಮಾರಂಗೇ ಕೊಟ್ಬುಡಿ. ಸೊಸೆ ಒಡವೆ ಅಡ ಇಕ್ಕಿ ಮೂರು ತತ್ತೀನಿ ಅಂದವ್ನೆ. ಸುಳ್ಳು ಯಾಕೆ ಏಳ್ಲಿ ಕಲಮ್ಮ, ಇಡೀ ಮನೆ ನಮ್ಮ ಕೈಲಿದ್ರೆ ನಾ ಕೊಟ್ಟಿರೋ ದುಡ್ಡಿಗೂ ಒಂದು ಧೈರ್ಯ.”

ಮೋಸದ ಮಾತಲ್ಲ ಅದು. ಹೆದರಿದ ಮನುಷ್ಯ ಇನ್ನಷ್ಟು ದುಡ್ಡನ್ನು ಅದೇ ಗೋಡೆಗೆ ಸುರಿದು ಧೈರ್ಯ ತಂದುಕೊಳ್ಳುವ ಮಾತು. ಕಲಾ ಕೂಡ ಅದನ್ನೇ ಮಾಡಿದ್ದಳಲ್ಲ? ಮೂರು ಲಕ್ಷ ಬಂತು. ಬಾಕಿ ಕಂತು, ದಂಡ, ಎಣ್ಣೆ ಅಂಗಡಿ, ಮಗಳ ಕಾಲೇಜು, ಉರಿಗಾಂನ ಹಿತ್ತಿಲಿಗೆ ತಗಡಿನ ಸೂರು. ಬಂದ ದಾರಿಯಲ್ಲೇ ಹೋಯಿತು.

ಸಾಮಾನು ಟೆಂಪೋಗೆ ಹಾಕುವ ದಿನ ಮಗಳು ಲಿಖಿತ, ಪಿಯುಸಿ ಓದುವ ಹುಡುಗಿ, ಖಾಲಿ ಕೋಣೆಯ ನಡುವೆ ನಿಂತು ಹೇಳಿದಳು: “ಅಮ್ಮ, ಈ ಮನೆಗೆ ನಾವೇ ಭೋಗ್ಯಕ್ಕೆ ಬಂದಿದ್ರೆ ಚೆನ್ನಾಗಿರ್ತಿತ್ತು. ಕಳಿಸ್ಬೇಕಾದ್ರೆ ದುಡ್ಡಾದ್ರೂ ಕೊಟ್ಟು ಕಳಿಸ್ಬೇಕಿತ್ತು.”

“ಬಾಯಿ ಮುಚ್ಕೊಂಡು ಆ ಬಕೆಟ್ ಎತ್ತೆ” ಎಂದಳು ಕಲಾ.

ಮುನಿನಾರಾಯಣಮ್ಮ ಗೇಟಿನವರೆಗೂ ಬಂದು ಕಣ್ಣೊರೆಸಿಕೊಂಡರು. ಆ ಕಣ್ಣೀರು ನಿಜವಾದದ್ದೇ. ನಮ್ಮ ಬೀದಿಗಳಲ್ಲಿ ಓಡಿಸುವವರೂ ಅಳುವವರೂ ಬೇರೆಬೇರೆ ಜನರಲ್ಲ.

ಉರಿಗಾಂನಲ್ಲಿ ಹೊಗೆಯ ಮಾತೆತ್ತುವವರು ಇಲ್ಲ. ಅಲ್ಲಿನ ಕಾಟ ಬೇರೆ. ಗಾಳಿ ಎದ್ದರೆ ಗಣಿಯ ಮಣ್ಣುಗುಡ್ಡಗಳಿಂದ ಬೂದು ಬಣ್ಣದ ಧೂಳು ಎದ್ದು ಬರುತ್ತದೆ. ಲಟ್ಟಿಸಿಟ್ಟ ಪೂರಿಯ ಮೇಲೆ ಕೂರುತ್ತದೆ. ಟಾರ್ಪಾಲು ಕಟ್ಟಿ, ಅದರ ಕೆಳಗೆ ಸೊಳ್ಳೆ ಪರದೆ ಕಟ್ಟಿ ಕಲಾ ಹಿಟ್ಟು ಕಾಯುತ್ತಾಳೆ. ಮಾರಿಕುಪ್ಪಂನಿಂದ ಬರುವ ರೈಲಿಗೆ ಚಲಪತಿ ಪೂರಿಯ ಮೂಟೆಗಳನ್ನು ಹತ್ತಿಸುತ್ತಾನೆ. ಗಾತ್ರ ಆನೆಯಷ್ಟು, ತೂಕ ಇಲ್ಲ. ಯಾರಾದರೂ ಒರಗಿದರೆ ಒಂದು ಗಾಡಿಯ ವ್ಯಾಪಾರ ಪುಡಿ.

“ಏನ್ರೀ ಇದು, ಕೆಲಸಕ್ಕೆ ಹೋಗೋರು ನಿಲ್ಲೋದು ಬೇಡ್ವಾ?” ಎಂದು ಬೈಯುತ್ತಾರೆ.

“ನಾನೂ ಕೆಲಸಕ್ಕೇ ಹೋಗ್ತಿರೋದಣ್ಣ” ಎನ್ನುತ್ತಾನೆ ಚಲಪತಿ.

ಪುಡಿಯಾದದ್ದು, ಧೂಳು ತಿಂದದ್ದು, ರೈಲಿನ ದುಡ್ಡು, ಇಲ್ಲಿನ ಬಾಡಿಗೆ, ಎಲ್ಲ ಕಳೆದು ಕಂತಿಗೆ ಹೊಂದಿಸುವಷ್ಟರಲ್ಲಿ ತಿಂಗಳು ಮುಗಿದಿರುತ್ತದೆ. ಕಂತು ತಪ್ಪಿಲ್ಲ. ಅದೊಂದನ್ನು ಅವಳು ಹಟ ಹಿಡಿದು ಕಟ್ಟುತ್ತಿದ್ದಾಳೆ. ತಾನು ಇಲ್ಲದ ಮನೆಗೆ.

ಈ ಸಂಕ್ರಾಂತಿ ಆದಮೇಲೆ ಕೋದಂಡಪ್ಪ ಫೋನು ಮಾಡಿದರು. “ನೀರಿನ ಮೋಟ್ರು ಸುಟ್ಟೋಗೈತೆ ಕಣಮ್ಮ. ಓನರ್ರು ಬಂದು ನೋಡ್ಬೇಕಲ್ಲ.”

ಕಲಾ ಹೋದಳು. ಮೋಟರಿಗಾಗಿ ಮಾತ್ರ ಅಲ್ಲ. ಸೊಂಟ ನೋವು ಹಿಡಿದಿತ್ತು, ಲಿಖಿತಳ ಕಾಲೇಜು ದೂರವಾಗಿತ್ತು. ಒಲೆ ಉರಿಗಾಂನಲ್ಲೇ ಇರಲಿ, ಚಲಪತಿ ಅಲ್ಲೇ ಮಲಗಲಿ, ತಾನೂ ಮಗಳೂ ಒಂದು ಕೋಣೆಯಲ್ಲಾದರೂ ಇಲ್ಲಿ ಇರಬಹುದೇ ಎಂದು ಕೇಳಬೇಕೆಂದಿದ್ದಳು. ರೈಲಿನಲ್ಲಿ ಬರುವಾಗ ಆ ಮಾತನ್ನೇ ಜೋಡಿಸುತ್ತಿದ್ದಳು.

ಹಿತ್ತಿಲಲ್ಲಿ ಒಲೆ ಇದ್ದ ಜಾಗದಲ್ಲಿ ಶಿವಕುಮಾರನ ಹೆಂಡತಿ ದಿವ್ಯ ಬಟ್ಟೆ ಒಗೆಯುವ ಮಿಷನ್ ಇಟ್ಟಿದ್ದಳು. ಗೋಡೆಯ ಮಸಿಗೆ ಸುಣ್ಣ ಬಳಿಸಿದ್ದಳು. ಎರಡು ಕೋಣೆಯಲ್ಲಿ ಗಂಡ ಹೆಂಡತಿ, ಇಬ್ಬರು ಮಕ್ಕಳು. ಒಂದು ಚಾಪೆ ಹಾಸುವ ಜಾಗವೂ ಉಳಿದಿರಲಿಲ್ಲ. ಒಳಗೆ ಮಂಚದ ಮೇಲೆ, ಮಹಡಿಯ ಮೆಟ್ಟಿಲು ಹತ್ತಲಾರದ ಸರಸ್ವತಮ್ಮ. ಉಬ್ಬಸ ಹಾಗೆಯೇ ಇತ್ತು. ಎದೆಯೊಳಗೆ ಬೆಕ್ಕು ಕೂತು ಗುರುಗುಟ್ಟುವಂಥ ಸದ್ದು.

“ಇನ್ನೂ ಹೋಗಿಲ್ವಾ ಅಕ್ಕ?” ಎಂದಳು ಕಲಾ.

“ಎಲ್ಲಿ ಓಯ್ತದಮ್ಮ. ಕೊಟ್ಟಿಗೆ ದೂಳು, ಉಲ್ಲಿನ ದೂಳು, ಇಪ್ಪತ್ತು ವರ್ಷದ್ದು ಅಂತಾನೆ ಡಾಕ್ಟ್ರು. ನಿನ್ನೊಲೆ ಇದ್ದಾಗ ವಸಿ ಜಾಸ್ತಿ ಇತ್ತು. ಈಗ ಅಷ್ಟು ಇಲ್ಲ ಅನ್ಕೋ.” ಆಮೇಲೆ ಕಲಾಳ ಕೈ ಹಿಡಿದು, “ನಿನ್ನ ಓಡಿಸಿ ನಾನು ಸುಖ ಪಟ್ಟೆ ಅಂತ ಅಂದ್ಕಬೇಡ ತಾಯಿ” ಎಂದರು.

ದಿವ್ಯ ತಟ್ಟೆ ಹಾಕಿ ಮುದ್ದೆ, ಅವರೆಕಾಳಿನ ಸಾರು ಬಡಿಸಿದಳು. “ಸಂಕೋಚ ಪಟ್ಕೋಬೇಡಿ ಅಕ್ಕ, ನಿಮ್ಮನೆ ಅಂದ್ಕೊಂಡು ತಿನ್ನಿ.” ಆ ಹುಡುಗಿ ಏನೂ ಕುಹಕವಿಲ್ಲದೆ ಹೇಳಿದ್ದು. ಕಲಾ ತಿಂದಳು.

ಊಟ ಮುಗಿದ ಮೇಲೆ ಕೋದಂಡಪ್ಪನವರ ಎದುರು ಕೂತು ಅವಳು ಕೇಳಬೇಕೆಂದಿದ್ದ ಕೋಣೆಯ ಮಾತು ಬಾಯಿಗೆ ಬರಲಿಲ್ಲ. ಬೇರೆ ಮಾತು ಬಂತು.

“ಅಣ್ಣ, ಒಲೆ ಇಲ್ದೇನೇ ನಾವು ವಾಪಸ್ ಬರ್ತೀವಿ ಅಂದ್ರೆ?”

ಕೋದಂಡಪ್ಪ ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡರು. “ಬಾಮ್ಮ. ಬರಬೇಡ ಅನ್ನಕ್ಕೆ ನಾನ್ಯಾರು? ಎರಡೂ ಮನೆ ದುಡ್ಡು ಇಟ್ಬುಡು, ನಾಳೇನೇ ಗಂಟು ಕಟ್ತೀವಿ.”

“ಎಲ್ಲಿಂದ ತರ್ಲಿ ಅಣ್ಣ?”

“ಅದೇ ಮತ್ತೆ. ಮೂರು ವರ್ಷ ಅಂತ ಮಾತಾಗಿತ್ತು. ನಿಮ್ಮ ಕೈಲಿ ಆಗ್ದಿದ್ರೆ ನಾವೇನೂ ಅವಸರ ಮಾಡಲ್ಲ. ಇನ್ನೂ ಮೂರು ವರ್ಷ ಆಗ್ಲಿ. ಐದೇ ಆಗ್ಲಿ. ನಿಮ್ಮ ಮನೇನ ನಮ್ಮನೆ ಅಂಗೇ ನೋಡ್ಕತೀವಿ.”

ಇದಕ್ಕಿಂತ ಒಳ್ಳೆಯ ಮಾತನ್ನು ಯಾರು ಆಡುತ್ತಾರೆ? ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಮೆಕ್ಯಾನಿಕ್ ಮೋಟರಿಗೆ ಹೊಸ ತಂತಿ ಸುತ್ತಿಸಿ ತಂದು ಕೂರಿಸಿದ. ಸ್ವಿಚ್ ಹಾಕಿ ನೋಡಿ, ಕೈ ಒರೆಸಿಕೊಂಡು, “ದುಡ್ಡು ಯಾರು ಕೊಡೋರು?” ಎಂದ. ಕೋದಂಡಪ್ಪ, ದಿವ್ಯ, ಮಂಚದ ಮೇಲಿನ ಸರಸ್ವತಮ್ಮ ಮೂವರೂ ಕಲಾಳ ಕಡೆ ನೋಡಿದರು. ಎಣ್ಣೆ ತರಲು ಸೆರಗಿನಲ್ಲಿ ಕಟ್ಟಿಕೊಂಡಿದ್ದ ದುಡ್ಡನ್ನು ಬಿಚ್ಚಿ ಅವಳು ಕೊಟ್ಟಳು.

ಹೊರಗೆ ಬಂದಾಗ ಎದುರುಮನೆಯಿಂದ ಮುನಿನಾರಾಯಣಮ್ಮ ಕೂಗಿದರು: “ಏನಮ್ಮಿ, ಬಂದೋಳು ಅಂಗೇ ಓಗ್ತಿದೀಯಲ್ಲ? ಒಂದಿನ ಇದ್ದು ಓಗ್ಬಾರ್ದಾ?”

“ನಾಳೆ ಗಾಡಿಗಳಿಗೆ ಹಿಟ್ಟು ಕಲಸ್ಬೇಕು ಅಕ್ಕ.”

ಅವಳು ಗೇಟು ಎಳೆದುಕೊಂಡಳು. ಮೇಲಿನ ಟ್ಯಾಂಕಿಗೆ ನೀರು ಏರಿ ಬೀಳುವ ಸದ್ದು ಬೀದಿಯವರೆಗೂ ಕೇಳಿಸುತ್ತಿತ್ತು.